ವ್ಲಾದಿಮಿರ್ ಬುರ್ತ್ಸೆವ್: ತ್ಸಾರನ ಗೂಢಚಾರರನ್ನೂ ಬೊಲ್ಶೆವಿಕರ ಗೂಢಚಾರರನ್ನೂ ಬಯಲಿಗೆಳೆದ ಪತ್ರಕರ್ತ

ಪ್ರಶ್ನೆ: ರಷ್ಯದ ಕ್ರಾಂತಿಯ ಇತಿಹಾಸ ಓದುವಾಗ ವ್ಲಾದಿಮಿರ್ ಬುರ್ತ್ಸೆವ್ ಎಂಬ ಪತ್ರಕರ್ತರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಕೆಲವರು ಅವರನ್ನು ‘ರಷ್ಯದ ಕ್ರಾಂತಿಯ ಷರ್ಲಾಕ್ ಹೋಮ್ಸ್’ ಎಂದು ಹೊಗಳುತ್ತಾರೆ. ಇನ್ನು ಕೆಲವರು ಅವರನ್ನು ಕ್ರಾಂತಿಗೆ ಬೆನ್ನು ತೋರಿಸಿ ಕಮ್ಯುನಿಸ್ಟ್ ವಿರೋಧಿಗಳ ಪಾಳಯ ಸೇರಿದವರು ಎನ್ನುತ್ತಾರೆ. ತ್ಸಾರನ ಸೆರೆಮನೆಯನ್ನೂ ಬೊಲ್ಶೆವಿಕರ ಸೆರೆಮನೆಯನ್ನೂ ಕಂಡ ಈ ವ್ಯಕ್ತಿ ಬಣ್ಣ ಬದಲಿಸಿದರೇ? ಅವರ ತನಿಖೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಬುರ್ತ್ಸೆವ್ ಬಣ್ಣ ಬದಲಿಸಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗುಪ್ತಪೊಲೀಸರು ರಾಜಕೀಯ ಚಳವಳಿಯೊಳಗೆ ನುಸುಳಿ ಅದನ್ನು ಒಳಗಿನಿಂದಲೇ ನಡೆಸತೊಡಗಿದರೆ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಅವರು ತಮ್ಮ ಆಯುಷ್ಯವನ್ನೆಲ್ಲ ಕಳೆದರು. ತ್ಸಾರನ ಕಾಲದಲ್ಲಿ ಆ ಕೆಲಸ ಮಾಡುತ್ತಿದ್ದುದು ಒಖ್ರಾನಾ ಎಂಬ ರಾಜಕೀಯ ಪೊಲೀಸ್. 1917ರ ನಂತರ ಬೊಲ್ಶೆವಿಕರ ಗುಪ್ತಪೊಲೀಸ್ ಆದ ಚೆಕಾ, ಆಮೇಲೆ ಅದರ ಜಾಗಕ್ಕೆ ಬಂದ ಜಿಪಿಯು. ಹಾಗೆಂದು ಅವರು ಬರೆದದ್ದೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಸಾಕ್ಷ್ಯ ಕಲೆಹಾಕಿ ಬರೆದ ತನಿಖಾಕಾರ ಬುರ್ತ್ಸೆವ್ ಒಬ್ಬರಾದರೆ, ಕೆರಳಿದ ಗಳಿಗೆಯಲ್ಲಿ ಬರೆದ ವಾದಕಾರ ಬುರ್ತ್ಸೆವ್ ಇನ್ನೊಬ್ಬರು. ಮೊದಲನೆಯವರ ಮೇಲೆ ನನಗೆ ಅಪಾರ ಗೌರವವಿದೆ; ಎರಡನೆಯವರನ್ನು ಎಚ್ಚರದಿಂದ ಓದಬೇಕು.

ಅವರು ಹುಟ್ಟಿದ್ದು 1862ರಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿದ್ದ ಅಲೆಕ್ಸಾಂದ್ರೋವ್ಸ್ಕಿ ಕೋಟೆಯಲ್ಲಿ. ಇಂದು ಅದು ಕಜಾಕಿಸ್ತಾನಕ್ಕೆ ಸೇರಿದೆ. ತಂದೆ ಸೈನ್ಯದ ಅಧಿಕಾರಿ. ವಿದ್ಯಾರ್ಥಿಯಾಗಿದ್ದಾಗಲೇ ‘ನರೋದ್ನಾಯಾ ವೋಲ್ಯಾ’ ಎಂಬ ಕ್ರಾಂತಿಕಾರಿ ಸಂಘಟನೆಯ ಒಡನಾಟದಿಂದಾಗಿ 1885ರಲ್ಲಿ ಬಂಧಿತರಾದರು, ಸೈಬೀರಿಯಕ್ಕೆ ಗಡೀಪಾರಾದರು, ಮತ್ತು 1888ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಸೇರಿದರು. ಮುಂದೆ ಲಂಡನ್ನಿನಲ್ಲಿ ನೆಲೆಸಿ ಬ್ರಿಟಿಷ್ ಮ್ಯೂಸಿಯಮ್ಮಿನ ಓದುಕೋಣೆಯಲ್ಲಿ ಕುಳಿತು ರಷ್ಯದ ಕ್ರಾಂತಿಕಾರಿ ಚಳವಳಿಯ ಇತಿಹಾಸಕ್ಕೆ ಬೇಕಾದ ದಾಖಲೆಗಳನ್ನು ಸಂಗ್ರಹಿಸತೊಡಗಿದರು. 1897ರಲ್ಲಿ ಅವರು ಹೊರತಂದ ‘ನರೋದೊವೋಲೆತ್ಸ್’ ಪತ್ರಿಕೆ ತ್ಸಾರನ ಹತ್ಯೆಯನ್ನು ಬಹಿರಂಗವಾಗಿ ಸಮರ್ಥಿಸಿತು. ರಷ್ಯದ ಒತ್ತಾಯಕ್ಕೆ ಮಣಿದ ಬ್ರಿಟಿಷ್ ಸರ್ಕಾರ ಅವರನ್ನು ಅದೇ ಮ್ಯೂಸಿಯಮ್ಮಿನಲ್ಲಿ ಬಂಧಿಸಿತು. 1898ರಲ್ಲಿ ನ್ಯಾಯಾಲಯ 18 ತಿಂಗಳ ಕಠಿಣ ಸಜೆ ವಿಧಿಸಿತು. ಅವರ ಯೌವನದ ಈ ಭಾಗವನ್ನು ಮರೆಮಾಚಿ ಅವರನ್ನು ಹುಟ್ಟು ಪ್ರಜಾಪ್ರಭುತ್ವವಾದಿಯಂತೆ ಚಿತ್ರಿಸುವ ಬರಹಗಳಿವೆ. ಅದು ಸರಿಯಲ್ಲ. ರಾಜಕೀಯ ಕೊಲೆಯನ್ನು ಅವರು ಬಹುಕಾಲ ನ್ಯಾಯವಾದ ಅಸ್ತ್ರವೆಂದೇ ನಂಬಿದ್ದರು.

1900ರಲ್ಲಿ ಅವರು ‘ಬಿಲೋಯೆ’ ಎಂಬ ಇತಿಹಾಸ ಪತ್ರಿಕೆಯನ್ನು ಆರಂಭಿಸಿದರು. ಹಳೆಯ ಕ್ರಾಂತಿಕಾರಿಗಳ ನೆನಪುಗಳು, ಪತ್ರಗಳು, ಮೊಕದ್ದಮೆಯ ಕಾಗದಗಳು ಇವಿಷ್ಟೇ ಅದರ ಸರಕು. 1905ರ ಕ್ರಾಂತಿಯ ನಂತರ ಅವರು ರಷ್ಯಕ್ಕೆ ಮರಳಿದಾಗ ಇದೇ ಪತ್ರಿಕೆ ಪೀಟರ್ಸ್‌ಬರ್ಗಿನಲ್ಲಿ ಕಾನೂನುಬದ್ಧವಾಗಿ ಹೊರಬಂತು. ಒಂದು ಇತಿಹಾಸ ಪತ್ರಿಕೆ ಬರಬರುತ್ತ ತನಿಖಾ ಕಚೇರಿಯಂತಾದುದು ಹೇಗೆಂಬುದನ್ನು ಇಲ್ಲಿ ವಿವರಿಸಬೇಕು. ಹಳೆಯ ಕಾಗದಗಳ ಮೇಲೆ ಇಷ್ಟೊಂದು ಆಸಕ್ತಿಯಿರುವ ಸಂಪಾದಕರ ಬಳಿಗೆ ಆ ಕಾಗದಗಳನ್ನು ಸೃಷ್ಟಿಸಿದವರೂ ಬರುತ್ತಾರೆ. 1906ರಲ್ಲಿ ವಾರ್ಸಾದ ಒಖ್ರಾನಾದಲ್ಲಿ ಕೆಲಸ ಮಾಡುತ್ತಿದ್ದ ಮಿಖಾಯಿಲ್ ಬಕಾಯ್ ಎಂಬ ಅಧಿಕಾರಿ ಅವರನ್ನು ಕಂಡು, ಪೊಲೀಸರ ಒಳಗುಟ್ಟುಗಳನ್ನು ಹೇಳುವುದಾಗಿ ಮುಂದೆ ಬಂದ. ಸೋಷಲಿಸ್ಟ್ ರೆವಲ್ಯೂಷನರಿ ಪಕ್ಷದ ಶಿಖರದಲ್ಲೇ ‘ರಾಸ್ಕಿನ್’ ಎಂಬ ಗುಪ್ತನಾಮದ ಪೊಲೀಸ್ ಏಜೆಂಟ್ ಇದ್ದಾನೆ ಎಂಬುದು ಬಕಾಯ್ ತಂದ ಸುದ್ದಿಗಳಲ್ಲಿ ಅತಿ ಭಯಂಕರವಾದುದು.

ಆ ಪಕ್ಷಕ್ಕೆ ‘ಯುದ್ಧ ಸಂಘಟನೆ’ ಎಂಬ ಹತ್ಯಾದಳವಿತ್ತು. 1904ರಲ್ಲಿ ಒಳಾಡಳಿತ ಮಂತ್ರಿ ಪ್ಲೆವೆಯನ್ನೂ 1905ರಲ್ಲಿ ತ್ಸಾರನ ಚಿಕ್ಕಪ್ಪ ಸೆರ್ಗೇಯನ್ನೂ ಬಾಂಬಿನಿಂದ ಕೊಂದದ್ದು ಇದೇ ದಳ. ಇದರ ಮುಖ್ಯಸ್ಥನ ಹೆಸರು ಯೆವ್ನೊ ಅಜೆಫ್. ದರ್ಜಿಯೊಬ್ಬನ ಮಗನಾದ ಈತ 1893ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ತಾನಾಗಿಯೇ ಪೊಲೀಸರಿಗೆ ಪತ್ರ ಬರೆದು ಸಂಬಳಕ್ಕೆ ಸೇರಿಕೊಂಡವನು. ಸಂಗಾತಿಗಳನ್ನು ಪೊಲೀಸರಿಗೆ ಹಿಡಿದುಕೊಡುತ್ತಲೇ, ತನಗೆ ಸಂಬಳ ಕೊಡುತ್ತಿದ್ದ ಇಲಾಖೆಯ ಮಂತ್ರಿಯನ್ನೇ ಕೊಲ್ಲಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಿಜವಾದ ಇನ್ನೊಂದು ಪ್ರಸಂಗ ನನಗೆ ತಿಳಿದಿಲ್ಲ. ಪೊಲೀಸರಿಂದ ತಲೆಮರೆಸಿಕೊಂಡು ಓಡಾಡಬೇಕಾಗಿದ್ದ ಈ ಮನುಷ್ಯ ಪೀಟರ್ಸ್‌ಬರ್ಗಿನ ಬೀದಿಯಲ್ಲಿ ತೆರೆದ ಗಾಡಿಯಲ್ಲಿ ನಿರ್ಭಯವಾಗಿ ಹೋಗುವುದನ್ನು ಬುರ್ತ್ಸೆವ್ ಒಮ್ಮೆ ನೋಡಿದರು. ತನಗೇ ಇವನ ಗುರುತು ಸಿಕ್ಕಿರುವಾಗ ಪೊಲೀಸರಿಗೆ ಏಕೆ ಸಿಗುತ್ತಿಲ್ಲ ಎಂಬ ಸಂಶಯ ಅಂದೇ ಮೊಳೆಯಿತು.

ಸಂಶಯಕ್ಕೆ ಆಧಾರ ಸಿಕ್ಕಿದ್ದು 1908ರ ಸೆಪ್ಟೆಂಬರಿನಲ್ಲಿ. ಪೊಲೀಸ್ ಇಲಾಖೆಯ ನಿರ್ದೇಶಕರಾಗಿದ್ದ ಅಲೆಕ್ಸೇಯ್ ಲೊಪುಖಿನ್ ಆ ವೇಳೆಗೆ ಹುದ್ದೆ ಕಳೆದುಕೊಂಡಿದ್ದರು. ಯಹೂದಿಗಳ ಮೇಲೆ ಜನರನ್ನು ಎತ್ತಿಕಟ್ಟುವ ಕರಪತ್ರಗಳು ಪೊಲೀಸ್ ಇಲಾಖೆಯೊಳಗೇ ಮುದ್ರಣವಾಗುತ್ತಿದ್ದುದನ್ನು ಹೊರಗೆಡಹಿ ಸರ್ಕಾರದ ಕಣ್ಣಿಗೆ ಬೇಡವಾಗಿದ್ದರು. ಅವರು ಜರ್ಮನಿಯಲ್ಲಿ ಪ್ರಯಾಣ ಮಾಡುತ್ತಿದ್ದಾಗ ಬುರ್ತ್ಸೆವ್ ಕಲೋನ್‌ನಿಂದ ಬರ್ಲಿನ್‌ವರೆಗಿನ ರೈಲಿನಲ್ಲಿ ಅವರ ಜೊತೆಯಾದರು. ಗಂಟೆಗಟ್ಟಲೆ ಮಾತನಾಡಿದವರು ಬುರ್ತ್ಸೆವ್ ಒಬ್ಬರೇ. ‘ರಾಸ್ಕಿನ್’ ಕುರಿತು ತಮಗೆ ಗೊತ್ತಿದ್ದುದನ್ನೆಲ್ಲ ಒಂದೊಂದಾಗಿ ಬಿಚ್ಚಿಡುತ್ತ, ಕೊಲೆಯಾದವರ ಹೆಸರುಗಳನ್ನೂ ಅವರನ್ನು ಕೊಲ್ಲಿಸಿದವನು ಪೊಲೀಸರ ಮನುಷ್ಯನೇ ಎಂಬುದನ್ನೂ ಹೇಳುತ್ತ ಹೋದರು. ಕಡೆಗೆ ಲೊಪುಖಿನ್, ತಮಗೆ ರಾಸ್ಕಿನ್ ಎಂಬ ಯಾರೂ ಗೊತ್ತಿಲ್ಲ, ಆದರೆ ಎಂಜಿನಿಯರ್ ಯೆವ್ನೊ ಅಜೆಫ್‌ನನ್ನು ಕೆಲವು ಬಾರಿ ಕಂಡಿದ್ದೇನೆ ಎಂದರು. ಪೊಲೀಸ್ ನಿರ್ದೇಶಕನೊಬ್ಬ ಹತ್ಯಾದಳದ ಮುಖ್ಯಸ್ಥನನ್ನು ಏಕೆ ಕಾಣುತ್ತಿದ್ದ ಎಂಬುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಈ ಒಂದು ವಾಕ್ಯಕ್ಕಾಗಿ ಲೊಪುಖಿನ್ ಮುಂದೆ ಸೈಬೀರಿಯದ ಗಡೀಪಾರು ಶಿಕ್ಷೆ ಅನುಭವಿಸಿದರು ಎಂಬುದನ್ನು ಓದುಗರು ಮರೆಯಬಾರದು.

ಪಕ್ಷ ಮಾತ್ರ ನಂಬಲಿಲ್ಲ. ವೀರನೊಬ್ಬನ ಮೇಲೆ ಅಪವಾದ ಹೊರಿಸಿದ್ದಕ್ಕಾಗಿ ಬುರ್ತ್ಸೆವ್ ಅವರನ್ನೇ ವಿಚಾರಿಸಲು ಪ್ಯಾರಿಸ್‌ನಲ್ಲಿ ಪಂಚಾಯಿತಿಯೊಂದನ್ನು ಕೂಡಿಸಲಾಯಿತು. ಹಿರಿಯ ಕ್ರಾಂತಿಕಾರಿಗಳಾದ ಪೀಟರ್ ಕ್ರೊಪೊಟ್ಕಿನ್, ವೆರಾ ಫಿಗ್ನರ್, ಗೆರ್ಮನ್ ಲೊಪಾತಿನ್ ಪಂಚರು. ಫಿಗ್ನರ್ ಮತ್ತು ಲೊಪಾತಿನ್ ಇಬ್ಬರೂ ತ್ಸಾರನ ಕೋಟೆಗಳಲ್ಲಿ ವರ್ಷಗಟ್ಟಲೆ ಕೊಳೆತು ಬಂದವರು. ಅವರ ಎದುರು ನಿಂತು, ನಿಮ್ಮ ಚಳವಳಿಯ ಅತಿದೊಡ್ಡ ನಾಯಕ ಪೊಲೀಸರ ಸಂಬಳದವನು ಎಂದು ಹೇಳಲು ಎಂಥ ಎದೆಗಾರಿಕೆ ಬೇಕು! ಲೊಪುಖಿನ್ ಹೇಳಿದ್ದನ್ನು ಬುರ್ತ್ಸೆವ್ ಅಲ್ಲಿ ಗುಟ್ಟಾಗಿ ತಿಳಿಸಿದರು. ಪಕ್ಷದವರು ಸ್ವತಃ ವಿಚಾರಣೆಗಿಳಿದಾಗ ಲೊಪುಖಿನ್ ಅದನ್ನು ದೃಢಪಡಿಸಿದರು, ಬರ್ಲಿನ್‌ನಲ್ಲಿ ಇದ್ದೆನೆಂದು ಅಜೆಫ್ ತೋರಿಸಿದ ಹೋಟೆಲ್ ರಸೀದಿಗಳು ಸುಳ್ಳೆಂದು ಗೊತ್ತಾಯಿತು, ಮತ್ತು 1909ರ ಜನವರಿಯ ಮೊದಲ ದಿನಗಳಲ್ಲಿ ಅಜೆಫ್ ಪ್ಯಾರಿಸ್‌ನಿಂದ ಓಡಿಹೋದ. ಪ್ರಧಾನಿ ಸ್ತೊಲಿಪಿನ್ ರಷ್ಯದ ಸಂಸತ್ತಾದ ದೂಮಾದಲ್ಲಿ ಎದ್ದುನಿಂತು ಸರ್ಕಾರದ ಪರವಾಗಿ ಉತ್ತರ ಕೊಡಬೇಕಾಯಿತು. ಅದೇ ವರ್ಷ ಬುರ್ತ್ಸೆವ್ ಇನ್ನೊಂದು ಪೆಟ್ಟು ಕೊಟ್ಟರು: ಪ್ಯಾರಿಸ್‌ನ ಒಖ್ರಾನಾ ಶಾಖೆಯ ಮುಖ್ಯಸ್ಥನಾಗಿ ಗೌರವದಿಂದ ಬಾಳುತ್ತಿದ್ದ ಹಾರ್ಟಿಂಗ್, 1890ರಲ್ಲಿ ಅದೇ ಪ್ಯಾರಿಸ್‌ನಲ್ಲಿ ರಷ್ಯದ ಯುವಕರನ್ನು ಬಾಂಬ್ ತಯಾರಿಕೆಗೆ ಹುರಿದುಂಬಿಸಿ ಹಿಡಿದುಕೊಟ್ಟು, ಫ್ರೆಂಚ್ ನ್ಯಾಯಾಲಯದಿಂದ ಗೈರುಹಾಜರಿಯಲ್ಲಿ ಶಿಕ್ಷೆಗೊಳಗಾಗಿದ್ದ ಲ್ಯಾಂಡೆಸೆನ್‌ನೇ ಎಂದು ಬಯಲು ಮಾಡಿದರು. ಹಾರ್ಟಿಂಗ್ ಕಣ್ಮರೆಯಾದ.

ಇಲ್ಲಿ ಅವರ ಕೆಲಸದ ಕ್ರಮವನ್ನು ಗಮನಿಸಬೇಕು. ಅವರ ಕೈಯಲ್ಲಿ ಸರ್ಕಾರಿ ಅಧಿಕಾರವಿರಲಿಲ್ಲ, ಹಣವಿರಲಿಲ್ಲ, ಬೆನ್ನಿಗೆ ಪಕ್ಷವೂ ಇರಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಅಸಮಾಧಾನಗೊಂಡವರನ್ನು ಹುಡುಕುವುದು, ಅವರನ್ನು ಮಾತಿಗೆಳೆಯುವುದು, ಅವರು ಹೇಳಿದ್ದನ್ನು ಹಳೆಯ ಬಂಧನಗಳ ದಿನಾಂಕಗಳ ಜೊತೆ ಹೊಂದಿಸಿ ನೋಡುವುದು, ಆಮೇಲೆ ಹೆಸರು ಹಿಡಿದು ಅಚ್ಚುಮಾಡುವುದು ಇಷ್ಟೇ ಅವರ ವಿಧಾನ. ಇದಕ್ಕೆ ಇತಿಹಾಸಕಾರನ ನೆನಪಿನ ಶಕ್ತಿ ಬೇಕು, ಅದು ಅವರಲ್ಲಿತ್ತು. ಇದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಒಳಗಿನವರು ಬಾಯಿ ಬಿಡದಿದ್ದರೆ ಕೈಗೆ ಏನೂ ಸಿಗುವುದಿಲ್ಲ. ದೂಮಾದ ಬೊಲ್ಶೆವಿಕ್ ಸದಸ್ಯರ ನಾಯಕನೂ ಲೆನಿನ್ನರಿಗೆ ಆಪ್ತನೂ ಆಗಿದ್ದ ರೊಮಾನ್ ಮಲಿನೋವ್ಸ್ಕಿ ಪೊಲೀಸರ ಏಜೆಂಟನಾಗಿದ್ದ. 1914ರಲ್ಲಿ ಅವನ ಮೇಲೆ ಗುಮಾನಿ ಎದ್ದಾಗ ಬುರ್ತ್ಸೆವ್ ಅದನ್ನು ನಂಬಲಿಲ್ಲ. ಲೆನಿನ್ ಕೂಡ ನಂಬಲಿಲ್ಲ. 1917ರಲ್ಲಿ ಪೊಲೀಸ್ ಕಡತಗಳು ತೆರೆದಾಗಲೇ ಸತ್ಯ ಹೊರಬಂತು.

1914ರಲ್ಲಿ ಮಹಾಯುದ್ಧ ಆರಂಭವಾದಾಗ, ತ್ಸಾರನೊಂದಿಗಿನ ಜಗಳವನ್ನು ಬದಿಗಿಟ್ಟು ದೇಶವನ್ನು ಕಾಪಾಡಬೇಕು ಎಂದು ಬುರ್ತ್ಸೆವ್ ಘೋಷಿಸಿ ರಷ್ಯಕ್ಕೆ ಮರಳಿದರು. ಸರ್ಕಾರ ಅವರನ್ನು ಗಡಿಯಲ್ಲೇ ಬಂಧಿಸಿ ಸೈಬೀರಿಯದ ತುರುಖಾನ್ಸ್ಕ್ ಪ್ರದೇಶಕ್ಕೆ ಅಟ್ಟಿತು; ಸ್ಟಾಲಿನ್ ಆಗ ಗಡೀಪಾರಾಗಿದ್ದುದೂ ಅದೇ ಪ್ರದೇಶಕ್ಕೆ. 1915ರಲ್ಲಿ ಬಿಡುಗಡೆಯಾಯಿತು. ಬೊಲ್ಶೆವಿಕರೊಂದಿಗಿನ ಅವರ ವೈರದ ಬೇರು ಇರುವುದು ಈ ಯುದ್ಧದ ಪ್ರಶ್ನೆಯಲ್ಲೇ. ಸ್ವಂತ ದೇಶದ ಸೋಲನ್ನು ಬಯಸಿದ ಲೆನಿನ್, 1917ರಲ್ಲಿ ಜರ್ಮನಿಯ ಒಪ್ಪಿಗೆಯಿಂದ ಜರ್ಮನಿಯ ನೆಲದ ಮೂಲಕವೇ ರೈಲಿನಲ್ಲಿ ಹಾದು ಪೆತ್ರೋಗ್ರಾದ್ (ಪೀಟರ್ಸ್‌ಬರ್ಗಿನ ಆಗಿನ ಹೆಸರು) ತಲುಪಿದ್ದನ್ನು ಅವರು ಎಂದೂ ಕ್ಷಮಿಸಲಿಲ್ಲ. ಆ ವರ್ಷದ ಜುಲೈನಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ದೇಶಕ್ಕೆ ಅತ್ಯಂತ ಹಾನಿಕಾರಿಗಳೆಂದು 12 ಜನರ ಹೆಸರುಗಳಿದ್ದವು: ಲೆನಿನ್, ತ್ರೋತ್ಸ್ಕಿ, ಕಾಮೆನೆವ್, ಜಿನೋವ್ಯೆವ್, ಕೊಲ್ಲೊಂತಾಯ್ ಮುಂತಾದವರ ಸಾಲಿನಲ್ಲಿ ಮ್ಯಾಕ್ಸಿಂ ಗಾರ್ಕಿ ಅವರ ಹೆಸರೂ ಇತ್ತು.

ಪ್ರಗತಿಶೀಲ ಸಾಹಿತ್ಯದ ದಿನಗಳಿಂದಲೂ ಗಾರ್ಕಿ ಕನ್ನಡದ ಓದುಗರಿಗೆ ಹತ್ತಿರದವರು. ಈ ಪಟ್ಟಿಯಲ್ಲಿ ಅವರ ಹೆಸರು ಕಂಡು ಹಲವರಿಗೆ ನೋವಾದೀತು. ಆ ನೋವಿಗೆ ಕಾರಣವಿದೆ. ಗಾರ್ಕಿ ಅವರ ಪತ್ರಿಕೆ ಯುದ್ಧವನ್ನು ವಿರೋಧಿಸುತ್ತಿತ್ತು, ಬೊಲ್ಶೆವಿಕರನ್ನೂ ಆ ದಿನಗಳಲ್ಲಿ ಕಟುವಾಗಿಯೇ ಟೀಕಿಸುತ್ತಿತ್ತು. ಅಭಿಪ್ರಾಯಭೇದವನ್ನು ದ್ರೋಹದ ಪಕ್ಕಕ್ಕೆ ತಂದು ನಿಲ್ಲಿಸಿದ ಈ ಪಟ್ಟಿ ಬುರ್ತ್ಸೆವ್ ಅವರ ಬರಹಗಳಲ್ಲೇ ಅತ್ಯಂತ ದುರ್ಬಲವಾದುದೆಂದು ನನ್ನ ಭಾವನೆ. ಅಜೆಫ್ ವಿಷಯದಲ್ಲಿ ಸಾಕ್ಷಿಗಾಗಿ ಎರಡು ವರ್ಷ ಕಾದವರು ಇಲ್ಲಿ ಕಾಯಲಿಲ್ಲ. ಬೊಲ್ಶೆವಿಕರಿಗೆ ಜರ್ಮನ್ ಹಣ ಸಂದಾಯವಾಯಿತೇ, ಎಷ್ಟು, ಯಾರ ಮೂಲಕ ಎಂಬುದನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಿದ್ದಾರೆ. ಆದರೆ ಲೆನಿನ್ ಜರ್ಮನಿಯ ಆದೇಶದಂತೆ ನಡೆಯುವ ಏಜೆಂಟ್ ಎಂಬ ಚಿತ್ರಕ್ಕೆ ಪುರಾವೆ ಸಿಕ್ಕಿಲ್ಲ.

ಬುರ್ತ್ಸೆವ್ ಅವರನ್ನು ಕೇವಲ ಅಧಿಕಾರಸ್ಥರ ಬಾಲಬಡುಕ ಎನ್ನುವವರು 1917ರ ಅಕ್ಟೋಬರಿನ ಒಂದು ಸಂಗತಿಯನ್ನು ನೋಡಬೇಕು. ಯುದ್ಧಮಂತ್ರಿ ವೆರ್ಖೋವ್ಸ್ಕಿ ಶಾಂತಿ ಮಾಡಿಕೊಳ್ಳಬೇಕೆಂದು ಗುಪ್ತಸಭೆಯಲ್ಲಿ ಹೇಳಿದ್ದನ್ನು ಬುರ್ತ್ಸೆವ್ ತಮ್ಮ ‘ಓಬ್ಶ್ಚೆಯೆ ದೇಲೊ’ ಪತ್ರಿಕೆಯಲ್ಲಿ ಬಯಲು ಮಾಡಿದ್ದಕ್ಕೆ, ತ್ಸಾರನ ಪತನದ ನಂತರ ಬಂದಿದ್ದ ಕೆರೆನ್ಸ್ಕಿ ಸರ್ಕಾರವೇ ಆ ಪತ್ರಿಕೆಯನ್ನು ಮುಚ್ಚಿಸಿತು. ಅವರು ಹೆಸರನ್ನು ತುಸು ಬದಲಿಸಿ, ಅಕ್ಟೋಬರ್ 25ರಂದು, ಅಂದರೆ ಬೊಲ್ಶೆವಿಕರು ಅಧಿಕಾರ ಹಿಡಿಯುತ್ತಿದ್ದ ದಿನವೇ, ರಷ್ಯವನ್ನು ಉಳಿಸಿರೆಂದು ನಾಗರಿಕರಿಗೆ ಕರೆಕೊಡುವ ಸಂಚಿಕೆ ಹೊರತಂದರು. ಅಂದು ರಾತ್ರಿಯೇ ಬಂಧನವಾಯಿತು. ಹೊಸ ಆಡಳಿತದ ಮೊದಲ ರಾಜಕೀಯ ಕೈದಿ ಎಂದು ಅವರನ್ನು ಕರೆಯುವುದು ಇದೇ ಕಾರಣಕ್ಕೆ. ತ್ಸಾರನ ಕಾಲದಲ್ಲಿ ತಾವು ಕಂಡಿದ್ದ ಪೀಟರ್ ಮತ್ತು ಪಾಲ್ ಕೋಟೆಗೆ ಅವರು ಮತ್ತೆ ಹೋದರು. ಪೊಲೀಸ್ ಇಲಾಖೆಯ ಮಾಜಿ ನಿರ್ದೇಶಕ ಬೆಲೆತ್ಸ್ಕಿ ಅಲ್ಲಿಯೇ ಸೆರೆಯಲ್ಲಿದ್ದ. ಬುರ್ತ್ಸೆವ್ ಸೆರೆಮನೆಯಲ್ಲೂ ತಮ್ಮ ಕಸುಬು ಬಿಡದೆ ಅವನನ್ನು ಮಾತಿಗೆಳೆದು ಹಳೆಯ ಏಜೆಂಟರ ಬಗ್ಗೆ ವಿವರ ಸಂಗ್ರಹಿಸಿದರು. 1918ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಬಿಡುಗಡೆಗೆ ಆದೇಶ ಕೊಟ್ಟ ಆಗಿನ ನ್ಯಾಯಾಡಳಿತ ಕಮಿಸ್ಸಾರ್ (ಮಂತ್ರಿ) ಸ್ಟೈನ್‌ಬರ್ಗ್ ಬೊಲ್ಶೆವಿಕರಲ್ಲ, ಎಡ ಸೋಷಲಿಸ್ಟ್ ರೆವಲ್ಯೂಷನರಿ ಪಕ್ಷದವರು. ಆಮೇಲೆ ಫಿನ್‌ಲೆಂಡ್, ಸ್ವೀಡನ್ ಮಾರ್ಗವಾಗಿ ಪ್ಯಾರಿಸ್ ಸೇರಿದರು. ಮತ್ತೆ ತಾಯ್ನಾಡಿಗೆ ಮರಳಿ ನೆಲೆಸಲಿಲ್ಲ.

ಪ್ಯಾರಿಸ್‌ನಲ್ಲಿ ‘ಓಬ್ಶ್ಚೆಯೆ ದೇಲೊ’ ಮತ್ತೆ ಹುಟ್ಟಿ, ಅಂತರ್ಯುದ್ಧದಲ್ಲಿ ಬೊಲ್ಶೆವಿಕರ ವಿರುದ್ಧ ಹೋರಾಡುತ್ತಿದ್ದ ಬಿಳಿಸೇನೆಯ ನಾಯಕರಾದ ಕೋಲ್ಚಾಕ್, ದೆನಿಕಿನ್, ವ್ರಾಂಗೆಲ್ ಅವರನ್ನು ಬೆಂಬಲಿಸಿತು. ಬಿಳಿಸೇನೆಯ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ನಡೆದ ಯಹೂದಿಗಳ ಹತ್ಯಾಕಾಂಡಗಳನ್ನು ನೆನೆದರೆ ಈ ಬೆಂಬಲ ಪ್ರಶ್ನಾತೀತವಲ್ಲ. 1922ರ ಹೊತ್ತಿಗೆ ಹಣ ಬತ್ತಿ ಪತ್ರಿಕೆ ನಿಂತಿತು. ಆಮೇಲೆ ಬಿಡಿಬಿಡಿಯಾಗಿ ಕೆಲವು ಸಂಚಿಕೆಗಳು ಬಂದವು.

ಈ ಅವಧಿಯ ಅವರ ಅತ್ಯುತ್ತಮ ಕೆಲಸ ‘ಟ್ರಸ್ಟ್’ ಪ್ರಕರಣಕ್ಕೆ ಸಂಬಂಧಿಸಿದ್ದು, ಮತ್ತು ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. 1921ರಿಂದ ಸೋವಿಯತ್ ಗುಪ್ತಪೊಲೀಸರು ದೇಶದೊಳಗೆ ರಾಜಪ್ರಭುತ್ವವಾದಿಗಳ ರಹಸ್ಯ ಸಂಘಟನೆಯೊಂದು ಇದೆ ಎಂಬ ನಾಟಕ ಹೂಡಿ, ಅದರ ಹೆಸರಿನಲ್ಲಿ ವಲಸಿಗ ನಾಯಕರೊಂದಿಗೆ ಪತ್ರವ್ಯವಹಾರ ನಡೆಸಿದರು, ಕೆಲವರನ್ನು ಗಡಿ ದಾಟಿಸಿ ಕರೆಸಿಕೊಂಡರು. ಬ್ರಿಟಿಷ್ ಗೂಢಚಾರ ಸಿಡ್ನಿ ರೈಲಿ 1925ರಲ್ಲಿ ಹೀಗೆಯೇ ಬಲೆಗೆ ಬಿದ್ದು ಪ್ರಾಣ ಕಳೆದುಕೊಂಡ. ಹಳೆಯ ದೂಮಾದ ಸದಸ್ಯ ವಸೀಲಿ ಶುಲ್ಗಿನ್ ಅದೇ ವರ್ಷದ ಕೊನೆಯಲ್ಲಿ ಗುಟ್ಟಾಗಿ ಸೋವಿಯತ್ ದೇಶಕ್ಕೆ ಹೋಗಿ, ಕೀವ್, ಮಾಸ್ಕೊ, ಲೆನಿನ್‌ಗ್ರಾದ್ ಸುತ್ತಿ, ಸುರಕ್ಷಿತವಾಗಿ ಮರಳಿ ಬಂದು, ಪ್ರವಾಸಕಥನವನ್ನೂ ಪ್ರಕಟಿಸಿದರು. ತಮ್ಮನ್ನು ಕರೆದೊಯ್ದವರು ಕೆಚ್ಚೆದೆಯ ಭೂಗತ ಕಾರ್ಯಕರ್ತರೆಂದೇ ಅವರು ನಂಬಿದ್ದರು. 1927ರಲ್ಲಿ ‘ಟ್ರಸ್ಟ್’ನ ಒಳಗಿದ್ದ ಓಪರ್‌ಪುಟ್ ಎಂಬಾತ ಫಿನ್‌ಲೆಂಡಿಗೆ ಓಡಿಬಂದು ಗುಟ್ಟು ರಟ್ಟುಮಾಡಿದ ಮೇಲೆ, ಬುರ್ತ್ಸೆವ್ ಶುಲ್ಗಿನ್ ಅವರ ಪ್ರವಾಸದ ಉದ್ದಕ್ಕೂ ಅವರ ಜೊತೆಗಿದ್ದವರೆಲ್ಲ ಜಿಪಿಯು ಸಿಬ್ಬಂದಿ ಎಂಬುದನ್ನು ಅಚ್ಚಿನಲ್ಲಿ ವಿವರಿಸಿದರು. ಶುಲ್ಗಿನ್ ರಾಜಕೀಯದಿಂದಲೇ ಹಿಂದೆ ಸರಿದರು.

ಅಜೆಫ್ ಪ್ರಕರಣವನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ತ್ಸಾರನ ಪೊಲೀಸರು ಇದ್ದ ಸಂಘಟನೆಯೊಂದರ ತಲೆಯ ಮೇಲೆ ತಮ್ಮ ಮನುಷ್ಯನನ್ನು ಕೂರಿಸಿದ್ದರು; ಸೋವಿಯತ್ ಪೊಲೀಸರು ಇಡೀ ಸಂಘಟನೆಯನ್ನೇ ಸೃಷ್ಟಿಸಿದರು. ಕಲೆ ಒಂದೇ, ಪ್ರಮಾಣ ಹಿರಿದಾಯಿತು. ಒಖ್ರಾನಾದ ತಂತ್ರಗಳನ್ನು ಎರಡು ದಶಕ ಅಭ್ಯಾಸ ಮಾಡಿದವರಿಗೆ ಈ ಸಾದೃಶ್ಯ ಕಾಣದೆ ಇರಲು ಸಾಧ್ಯವಿರಲಿಲ್ಲ. ಜೊತೆಗೆ ಇನ್ನೊಂದು ವ್ಯತ್ಯಾಸವೂ ಅವರಿಗೆ ಕಂಡಿತು: ತ್ಸಾರನ ಕಾಲದಲ್ಲಿ ಅಜೆಫ್ ವಿಷಯವನ್ನು ದೂಮಾದಲ್ಲಿ ಕೇಳಬಹುದಾಗಿತ್ತು, ಪತ್ರಿಕೆಗಳಲ್ಲಿ ಚರ್ಚಿಸಬಹುದಾಗಿತ್ತು, ಈಗ ರಷ್ಯದೊಳಗೆ ಅಂಥ ಪ್ರಶ್ನೆ ಕೇಳುವ ಸ್ಥಳವೇ ಉಳಿದಿರಲಿಲ್ಲ. ಅವರ ಕಮ್ಯುನಿಸ್ಟ್ ವಿರೋಧಕ್ಕೆ ಆಸ್ತಿಪಾಸ್ತಿಯ ಮೋಹವಾಗಲಿ ಸಿಂಹಾಸನದ ಮೇಲಿನ ಭಕ್ತಿಯಾಗಲಿ ಕಾರಣವಲ್ಲ ಎಂದು ನಾನು ಹೇಳುವುದು ಇದರಿಂದಲೇ.

ಆ ಮುಂದೆ ಪ್ಯಾರಿಸ್‌ನ ಹಾಡಹಗಲಿನಲ್ಲೇ ಬಿಳಿಸೇನೆಯ ಇಬ್ಬರು ಜನರಲ್‌ಗಳ ಅಪಹರಣವಾಯಿತು: 1930ರ ಜನವರಿಯಲ್ಲಿ ಕುತೆಪೊವ್, 1937ರ ಸೆಪ್ಟೆಂಬರಿನಲ್ಲಿ ಮಿಲ್ಲರ್. ಎರಡನೆಯ ಸಲ ಮಿಲ್ಲರ್ ತಾನು ಜನರಲ್ ಸ್ಕೊಬ್ಲಿನ್ ಜೊತೆ ಯಾರನ್ನೋ ಕಾಣಲು ಹೋಗುತ್ತಿರುವುದಾಗಿ ಚೀಟಿ ಬರೆದಿಟ್ಟು ಹೋಗಿದ್ದರು. ಸ್ಕೊಬ್ಲಿನ್ ತಲೆಮರೆಸಿಕೊಂಡ, ಅವನ ಪತ್ನಿ, ಪ್ರಸಿದ್ಧ ಗಾಯಕಿ ಪ್ಲೆವಿತ್ಸ್ಕಾಯಾ, 1938ರಲ್ಲಿ 20 ವರ್ಷಗಳ ಶಿಕ್ಷೆಗೊಳಗಾದಳು. ಆ ವಿಚಾರಣೆಯಲ್ಲಿ ಬುರ್ತ್ಸೆವ್ ಸಾಕ್ಷಿ ನುಡಿದರು, ಮರುವರ್ಷ ಎರಡೂ ಅಪಹರಣಗಳ ಕುರಿತು ಪುಸ್ತಕ ಬರೆದರು. ಇದರ ಹಿಂದೆ ಸೋವಿಯತ್ ಗುಪ್ತಪೊಲೀಸರಿದ್ದಾರೆ ಎಂಬ ಅವರ ಮೂಲವಾದವನ್ನು ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹೊರಬಂದ ದಾಖಲೆಗಳು ಸಮರ್ಥಿಸಿವೆ. ಮಿಲ್ಲರ್ ಅವರನ್ನು ಮಾಸ್ಕೊಗೆ ಸಾಗಿಸಿ 1939ರಲ್ಲಿ ಕೊಲ್ಲಲಾಗಿತ್ತು.

ಅವರ ಪ್ರಾಮಾಣಿಕತೆಗೆ ನನ್ನ ದೃಷ್ಟಿಯಲ್ಲಿ ದೊಡ್ಡ ಪುರಾವೆ ಸ್ವಿಟ್ಜರ್ಲೆಂಡಿನ ಬರ್ನ್ ಮೊಕದ್ದಮೆ. ಯಹೂದಿಗಳು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆ ಎಂದು ಹೇಳುವ ‘ಜಿಯೋನಿನ ಹಿರಿಯರ ನಡವಳಿಗಳು’ ಎಂಬ ನಕಲಿ ದಸ್ತಾವೇಜನ್ನು ಸ್ವಿಸ್ ನಾಜಿಗಳು ಹಂಚುತ್ತಿದ್ದುದರ ವಿರುದ್ಧ ಅಲ್ಲಿನ ಯಹೂದಿ ಸಮುದಾಯ ದಾವೆ ಹೂಡಿತ್ತು. ರಷ್ಯದ ವಲಸಿಗರಲ್ಲಿ, ಅದರಲ್ಲೂ ಕಮ್ಯುನಿಸ್ಟ್ ವಿರೋಧಿಗಳಲ್ಲಿ, ಈ ದಸ್ತಾವೇಜನ್ನು ನಂಬುವವರು, ಬೊಲ್ಶೆವಿಸಂ ಯಹೂದಿಗಳ ಸಂಚೆಂದು ಸಾರುವವರು ಬಹಳ ಮಂದಿಯಿದ್ದರು. ಬುರ್ತ್ಸೆವ್ 1934ರಲ್ಲಿ ಬರ್ನ್‌ಗೆ ಹೋಗಿ, ಹಳೆಯ ಪೊಲೀಸ್ ಅಧಿಕಾರಿಗಳಿಂದ ತಾವು ಕೇಳಿ ತಿಳಿದುದನ್ನು ಮುಂದಿಟ್ಟು, ಇದು ಕೃತಕ ಸೃಷ್ಟಿ ಎಂದು ಸಾಕ್ಷ್ಯ ನುಡಿದರು. 1935ರ ಮೇ ತಿಂಗಳಲ್ಲಿ ನ್ಯಾಯಾಧೀಶ ವಾಲ್ಟರ್ ಮೇಯರ್ ಅದು ನಕಲಿಯೆಂದೂ ಕೃತಿಚೌರ್ಯವೆಂದೂ ತೀರ್ಪಿತ್ತರು. ಮೇಲ್ಮನವಿಯಲ್ಲಿ ಆರೋಪಿಗಳು ಕಾನೂನಿನ ತಾಂತ್ರಿಕ ಕಾರಣದಿಂದ ಬಿಡುಗಡೆಯಾದರೂ, ದಸ್ತಾವೇಜು ಅಸಲಿಯೆಂದು ಆ ನ್ಯಾಯಾಲಯ ಹೇಳಲಿಲ್ಲ. 1938ರಲ್ಲಿ, ಯುರೋಪಿನಲ್ಲಿ ಹಿಟ್ಲರನ ನೆರಳು ಹಬ್ಬುತ್ತಿದ್ದಾಗ, ಬುರ್ತ್ಸೆವ್ ಅದು ನಕಲಿಯೆಂದು ಸಾಧಿಸುವ ಇಡೀ ಪುಸ್ತಕವನ್ನೇ ಪ್ಯಾರಿಸ್‌ನಲ್ಲಿ ಪ್ರಕಟಿಸಿದರು. ತನ್ನ ಪಾಳಯದವರು ಕೇಳಬಯಸುವ ಸುಳ್ಳನ್ನು ಸುಳ್ಳೆಂದು ಹೇಳಬಲ್ಲವನ ಸಾಕ್ಷ್ಯಕ್ಕೆ ಹೆಚ್ಚು ತೂಕವಿದೆ.

ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ, ಕಡುಬಡತನದಲ್ಲಿ, 1942ರ ಆಗಸ್ಟ್ 21ರಂದು, ರಕ್ತಕ್ಕೆ ನಂಜೇರಿ, ಬುರ್ತ್ಸೆವ್ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಬೊಲ್ಶೆವಿಕರನ್ನು ಅಷ್ಟು ದ್ವೇಷಿಸಿದವರು ಹಿಟ್ಲರನ ದಾಳಿಯನ್ನು ಸ್ವಾಗತಿಸಲಿಲ್ಲ. ರಷ್ಯವೇ ಗೆಲ್ಲುತ್ತದೆ ಎಂದು ಕಡೆಯವರೆಗೂ ವಾದಿಸುತ್ತಿದ್ದರೆಂದು ಆ ದಿನಗಳಲ್ಲಿ ಅವರನ್ನು ಕಂಡವರು ದಾಖಲಿಸಿದ್ದಾರೆ.

ಇನ್ನು ನಂಬಿಕೆಯ ಪ್ರಶ್ನೆ. ಅದೃಷ್ಟವಶಾತ್ ಇದಕ್ಕೆ ಊಹೆಯನ್ನೇ ನೆಚ್ಚಬೇಕಾಗಿಲ್ಲ. ಒಖ್ರಾನಾದ ಪ್ಯಾರಿಸ್ ಶಾಖೆಯ ಕಡತಗಳನ್ನು, ಬೊಲ್ಶೆವಿಕರು ಅಧಿಕಾರ ಹಿಡಿಯುವ ಮುನ್ನ ಫ್ರಾನ್ಸಿಗೆ ನೇಮಕಗೊಂಡಿದ್ದ ರಷ್ಯದ ಕೊನೆಯ ರಾಯಭಾರಿ ಮಕ್ಲಕೊವ್ ಅಮೆರಿಕದ ಹೂವರ್ ಸಂಸ್ಥೆಗೆ ಗುಟ್ಟಾಗಿ ಸಾಗಿಸಿದ್ದರು, 1957ರಲ್ಲಿ ಅವು ಸಂಶೋಧಕರಿಗೆ ತೆರೆದವು. ಬುರ್ತ್ಸೆವ್ ಅವರದೇ ಕಾಗದಪತ್ರಗಳ ಒಂದು ದೊಡ್ಡ ಭಾಗ ಪ್ರಾಗ್‌ನ ರಷ್ಯನ್ ವಲಸಿಗರ ಪತ್ರಾಗಾರದಲ್ಲಿತ್ತು. ಎರಡನೆಯ ಮಹಾಯುದ್ಧದ ನಂತರ ಅದನ್ನು ಮಾಸ್ಕೊಗೆ ಒಯ್ದರು, ಈಗ ಅದು ಅಲ್ಲಿನ ಸರ್ಕಾರಿ ಪತ್ರಾಗಾರದಲ್ಲಿದೆ. ಇವುಗಳ ಜೊತೆ ಹೋಲಿಸಿದಾಗ ಅಜೆಫ್, ಹಾರ್ಟಿಂಗ್ ಪ್ರಕರಣಗಳಲ್ಲಿ ಅವರು ಹೇಳಿದ್ದರ ತಿರುಳು ಗಟ್ಟಿಯಾಗಿ ನಿಲ್ಲುತ್ತದೆ. ಅವರ ನೆನಪುಗಳಲ್ಲಿ ಬರುವ ಸಂಭಾಷಣೆಗಳನ್ನು ಮಾತ್ರ ಪದಶಃ ದಾಖಲೆಯೆಂದು ತಿಳಿಯಬೇಡಿ. ಅವನ್ನು ಎಷ್ಟೋ ವರ್ಷಗಳ ಮೇಲೆ ಬರೆದದ್ದು. ಓದಲು ತೊಡಗುವುದಾದರೆ ಪೊಲೀಸ್ ಏಜೆಂಟರ ಬೆನ್ನಟ್ಟಿದ ಕಥೆಯನ್ನು ಅವರೇ ಹೇಳಿರುವ 1928ರ ನೆನಪಿನ ಪುಸ್ತಕದಿಂದ ಆರಂಭಿಸಿ, 1917ರ ಪತ್ರಿಕಾ ಬರಹಗಳಿಗೆ ಆಮೇಲೆ ಬನ್ನಿ.